ಕನ್ನಡಿ ಹಿಡಿದವರು: ಮೂರು ಚಲನಚಿತ್ರಗಳಲ್ಲಿ ಸ್ವಮೋಹದ ಚಿತ್ರಣ

ನಾರ್ಸಿಸಸ್‌ನ ಕಥೆಯನ್ನು ನೆನೆಯುವಾಗ ನಾವು ಸಾಮಾನ್ಯವಾಗಿ ಅದರ ಅರ್ಧವನ್ನಷ್ಟೇ ನೆನೆಯುತ್ತೇವೆ. ಕೊಳದ ನೀರಿನಲ್ಲಿ ತನ್ನ ಪ್ರತಿಬಿಂಬವನ್ನು ಕಂಡು ಮೋಹಗೊಂಡು, ಅದನ್ನು ಬಿಟ್ಟು ಏಳಲಾರದೆ ಅಲ್ಲಿಯೇ ಸೊರಗಿ ಸತ್ತ ತರುಣನ ಚಿತ್ರ ಎಲ್ಲರಿಗೂ ಪರಿಚಿತವಾದುದು. ಆದರೆ ರೋಮನ್ ಕವಿ ಓವಿಡ್ ತನ್ನ 'ಮೆಟಮಾರ್ಫಸಿಸ್' ಕಾವ್ಯದ ಮೂರನೆಯ ಭಾಗದಲ್ಲಿ ಹೇಳುವ ಕಥೆಯಲ್ಲಿ ಇನ್ನೊಬ್ಬಳೂ ಇದ್ದಾಳೆ. ಅವಳು ಎಕೋ ಎಂಬ ವನದೇವತೆ. ದೇವಿಯೊಬ್ಬಳ ಶಾಪದಿಂದಾಗಿ ಅವಳಿಗೆ ಸ್ವಂತ ಮಾತಿಲ್ಲ. ಇನ್ನೊಬ್ಬರ ಮಾತಿನ ಕೊನೆಯ ತುಂಡನ್ನು ಹಿಂದಿರುಗಿಸುವುದಷ್ಟೇ ಅವಳ ಪಾಲಿಗೆ ಉಳಿದದ್ದು. ಅವಳು ನಾರ್ಸಿಸಸ್‌ನನ್ನು ಪ್ರೀತಿಸುತ್ತಾಳೆ, ತಿರಸ್ಕೃತಳಾಗುತ್ತಾಳೆ, ದೇಹವೆಲ್ಲ ಕರಗಿ ಕೊನೆಗೆ ಧ್ವನಿಯಾಗಿ ಮಾತ್ರ ಉಳಿಯುತ್ತಾಳೆ. ಅವನು ಸಾಯುವಾಗ ಹೊರಡಿಸಿದ ನಿಟ್ಟುಸಿರನ್ನು ಕೂಡ ಅವಳೇ ಮರುನುಡಿಯುತ್ತಾಳೆ. ಅಂದರೆ ತನ್ನನ್ನೇ ನೋಡಿಕೊಳ್ಳುತ್ತಿರುವವನ ಪಕ್ಕದಲ್ಲಿ, ಕೊಳದ ನೀರಿನಷ್ಟೇ ಅವಶ್ಯವಾಗಿ, ಅವನ ಮಾತನ್ನೇ ಅವನಿಗೆ ಒಪ್ಪಿಸುವ ಒಂದು ಜೀವವಿದೆ. ಪುರಾಣ ಇದನ್ನು ಬಲ್ಲದು. ನಮ್ಮ ವಿಮರ್ಶೆ ಇದನ್ನು ಆಗಾಗ ಮರೆಯುತ್ತದೆ.

ಪ್ರಸ್ತುತ ಪ್ರಬಂಧವು ಗಂಭೀರ ಚಲನಚಿತ್ರಗಳಲ್ಲಿ ಸ್ವಮೋಹದ ಚಿತ್ರಣ ಹೇಗೆ ನಡೆದಿದೆ ಎಂಬುದನ್ನು ಮೂರು ಕೃತಿಗಳ ಮೂಲಕ ಪರಿಶೀಲಿಸುತ್ತದೆ. ಬಿಲ್ಲಿ ವೈಲ್ಡರ್ ಅವರ 'ಸನ್‌ಸೆಟ್ ಬುಲೆವಾರ್ಡ್' (1950), ಸತ್ಯಜಿತ್ ರೇ ಅವರ 'ಜಲ್ಸಾಘರ್' (1958), ಅಡೂರ್ ಗೋಪಾಲಕೃಷ್ಣನ್ ಅವರ 'ಎಲಿಪ್ಪತ್ತಾಯಂ' (1981) ಇವೇ ಆ ಮೂರು. ಇವುಗಳ ನಾಯಕ ಅಥವಾ ನಾಯಕಿಯ ಬಗೆಗೆ ಸಾಕಷ್ಟು ಬರೆಯಲಾಗಿದೆ. ನನ್ನ ಗಮನ ಇರುವುದು ಅವರ ಪಕ್ಕದಲ್ಲಿ ನಿಂತವರ ಮೇಲೆ: ಸೇವಕ, ಬಟ್ಲರ್, ತಂಗಿ. ಸ್ವಮೋಹವನ್ನು ಚಿತ್ರಿಸುವ ಸಿನಿಮಾ ಎಷ್ಟು ಸತ್ಯವಾಗಿದೆ ಎಂಬುದನ್ನು ಅದು ಕನ್ನಡಿಯನ್ನು ಎಷ್ಟು ಸೊಗಸಾಗಿ ತೋರಿಸಿತು ಎನ್ನುವುದರಿಂದ ಅಳೆಯಲಾಗದು. ಆ ಕನ್ನಡಿಯನ್ನು ಹಿಡಿದ ಕೈಗಳನ್ನು ಅದು ಕಂಡಿತೇ ಇಲ್ಲವೇ ಎಂಬುದರಿಂದ ಅಳೆಯಬೇಕು ಎಂಬುದು ಇಲ್ಲಿನ ವಾದ.

ಪರಿಭಾಷೆಯ ಬಗೆಗೆ ಒಂದು ಮಾತು. ಕನ್ನಡ ವಿಮರ್ಶೆಯಲ್ಲಿ ನಾರ್ಸಿಸಿಸಂ ಎಂಬುದಕ್ಕೆ 'ಆತ್ಮರತಿ' ಎಂಬ ಪದ ಬಳಕೆಯಲ್ಲಿದೆ. ಕಿವಿಗೆ ಅದು ಹಿತವಾಗಿಯೂ ಇದೆ. ಆದರೆ ಈ ಪದಕ್ಕೆ ನಮ್ಮ ಪರಂಪರೆಯಲ್ಲಿ ಬೇರೆಯದೇ ಆದ ಚರಿತ್ರೆಯಿದೆ. ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ, ಛಾಂದೋಗ್ಯ ಹಾಗೂ ಮುಂಡಕ ಉಪನಿಷತ್ತುಗಳಲ್ಲಿ, ಆತ್ಮರತಿ ಎಂದರೆ ಹೊರಗಿನ ಯಾವುದನ್ನೂ ಆಶ್ರಯಿಸದೆ ತನ್ನಲ್ಲಿಯೇ ತೃಪ್ತನಾದ ಜ್ಞಾನಿಯ ಸ್ಥಿತಿ. ನಾವು ಚರ್ಚಿಸಲಿರುವ ವ್ಯಕ್ತಿಗಳು ಅದಕ್ಕೆ ತೀರ ವಿರುದ್ಧವಾದವರು. ಅವರು ಹೊರಗಿನ ಆಶ್ರಯವಿಲ್ಲದೆ ಒಂದು ದಿನವನ್ನೂ ಕಳೆಯಲಾರರು. ಆದ್ದರಿಂದ ಇಲ್ಲಿ 'ಸ್ವಮೋಹ' ಎಂಬ ಪದವನ್ನೇ ಬಳಸಿದ್ದೇನೆ. ಇದು ಕೇವಲ ಪದದ ಚೌಕಾಶಿಯಲ್ಲ. ತನ್ನಲ್ಲಿ ತಾನು ತೃಪ್ತನಾದವನು ಮತ್ತು ತನ್ನನ್ನು ಬಿಟ್ಟು ಬೇರೇನನ್ನೂ ಕಾಣದವನು ಇವರಿಬ್ಬರನ್ನು ಒಂದೇ ಹೆಸರಿನಿಂದ ಕರೆದಾಗ ಎರಡನೆಯವನಿಗೆ ಅರ್ಹವಲ್ಲದ ಒಂದು ಘನತೆ ಪ್ರಾಪ್ತವಾಗುತ್ತದೆ. ಆ ಘನತೆಯನ್ನು ದಯಪಾಲಿಸುವುದರಲ್ಲಿ ಸಿನಿಮಾ ಮಾಧ್ಯಮವೂ ಹಿಂದೆ ಬಿದ್ದಿಲ್ಲ.

ಮನೋವಿಜ್ಞಾನದಲ್ಲಿ ಈ ಪರಿಕಲ್ಪನೆಯ ಬೆಳವಣಿಗೆಯನ್ನು ಇಲ್ಲಿ ವಿವರವಾಗಿ ಹೇಳುವ ಅಗತ್ಯವಿಲ್ಲ. ಹ್ಯಾವ್‌ಲಾಕ್ ಎಲ್ಲಿಸ್ 1898ರಲ್ಲಿ ನಾರ್ಸಿಸಸ್‌ನ ಹೋಲಿಕೆಯನ್ನು ತಂದರು. ಸಿಗ್ಮಂಡ್ ಫ್ರಾಯ್ಡ್ 1914ರ ತಮ್ಮ ಪ್ರಬಂಧದಲ್ಲಿ ಅದಕ್ಕೆ ಸಿದ್ಧಾಂತದ ರೂಪ ಕೊಟ್ಟರು. ಅಮೆರಿಕದ ಮನೋವೈದ್ಯಕೀಯ ಸಂಘದ ರೋಗಲಕ್ಷಣ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ, 1980ರಲ್ಲಿ, ಅದೊಂದು ವ್ಯಕ್ತಿತ್ವ ದೋಷವಾಗಿ ದಾಖಲಾಯಿತು. ನಮಗೆ ಉಪಯುಕ್ತವಾದ ಅಂಶಗಳು ಎರಡು. ತನ್ನಲ್ಲಿಯೇ ಮುಳುಗಿದವರ ಬಗೆಗೆ ಉಳಿದವರಿಗೆ ವಿಚಿತ್ರವಾದ ಆಕರ್ಷಣೆ ಇರುತ್ತದೆ ಎಂಬ ಫ್ರಾಯ್ಡ್ ಅವರ ಮಾತು ಮೊದಲನೆಯದು. ಮಗು, ಬೆಕ್ಕು, ಬೇಟೆಯ ಮೃಗಗಳನ್ನು ಅವರು ಉದಾಹರಿಸುತ್ತಾರೆ; ನಾವು ಬೆಳೆಯುತ್ತ ಬಿಟ್ಟುಕೊಟ್ಟದ್ದನ್ನು ಇವರು ಬಿಟ್ಟುಕೊಡದೆ ಉಳಿಸಿಕೊಂಡಿದ್ದಾರೆ ಎಂಬಂತೆ ಕಾಣುವುದರಿಂದ ನಾವು ಅವರತ್ತ ಸೆಳೆಯಲ್ಪಡುತ್ತೇವೆ. ಎರಡನೆಯದು ಹೈನ್ಸ್ ಕೋಹುಟ್ 1971ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದು: ಇಂಥ ವ್ಯಕ್ತಿ ಇನ್ನೊಬ್ಬರನ್ನು ಇನ್ನೊಬ್ಬರೆಂದು ಅನುಭವಿಸುವುದಿಲ್ಲ, ತನ್ನದೇ ಅಂಗವೆಂಬಂತೆ ಅನುಭವಿಸುತ್ತಾನೆ. ನಮ್ಮ ಕೈ ನಮ್ಮ ಮಾತು ಕೇಳದಿದ್ದರೆ ನಮಗಾಗುವ ಗಾಬರಿ ಎಂಥದೋ, ಸುತ್ತಲಿನವರು ಮಾತು ಕೇಳದಿದ್ದಾಗ ಅವನಿಗಾಗುವ ಕೋಪ ಅಂಥದು. ನಾವು ಎತ್ತಿಕೊಂಡ ಮೂರೂ ಚಿತ್ರಗಳಲ್ಲಿ ಇಂಥ 'ಕೈ'ಯೊಂದಿದೆ.

'ಜಲ್ಸಾಘರ್' ತಾರಾಶಂಕರ ಬಂದ್ಯೋಪಾಧ್ಯಾಯರ ಸಣ್ಣಕಥೆಯನ್ನು ಆಧರಿಸಿದ ಚಿತ್ರ. ಪದ್ಮಾ ನದಿಯ ದಡದಲ್ಲಿರುವ ಮುರ್ಷಿದಾಬಾದ್ ಜಿಲ್ಲೆಯ ನಿಮ್ತಿತಾ ಅರಮನೆಯಲ್ಲಿ ಇದರ ಚಿತ್ರೀಕರಣ ನಡೆಯಿತು. ಜಮೀನ್ದಾರ ವಿಶ್ವಂಭರ ರಾಯ್‌ನ ಭೂಮಿಯನ್ನು ನದಿ ಕೊಚ್ಚಿಕೊಂಡು ಹೋಗುತ್ತಿದೆ, ಖಜಾನೆ ಬರಿದಾಗುತ್ತಿದೆ, ಆದರೂ ಆತನಿಗೆ ತನ್ನ ಮನೆಯ ಸಂಗೀತ ಸಭಾಂಗಣದಲ್ಲಿ ಕಛೇರಿ ನಡೆಯಬೇಕು, ಅದೂ ನೆರೆಯ ಹೊಸ ಹಣವಂತ ಮಹಿಮ್ ಗಂಗೂಲಿಯ ಮನೆಯ ಕಛೇರಿಯನ್ನು ಮೀರಿಸುವಂತೆ ನಡೆಯಬೇಕು. ಮಗನ ಉಪನಯನದ ಕಛೇರಿಗೆ ಹೆಂಡತಿಯ ಒಡವೆ ಹೋಗುತ್ತದೆ. ತವರಿಗೆ ಹೋದ ಹೆಂಡತಿ ಮಗನನ್ನು ಮುಂದಿನ ಕಛೇರಿಗೆಂದು ಹಿಂದಕ್ಕೆ ಕರೆಸಿಕೊಳ್ಳುವ ಹಟದಲ್ಲಿ ಅವರಿಬ್ಬರೂ ಬಿರುಗಾಳಿಗೆ ಸಿಕ್ಕಿ ನದಿಯ ಪಾಲಾಗುತ್ತಾರೆ. ವರ್ಷಗಳ ಕಾಲ ಮುಚ್ಚಿದ್ದ ಸಭಾಂಗಣವನ್ನು ಆತ ಕೊನೆಗೊಮ್ಮೆ ತೆರೆಸುತ್ತಾನೆ. ಉಳಿದಿದ್ದ ಹಣವನ್ನೆಲ್ಲ ನರ್ತಕಿಗೆ ಉಡುಗೊರೆಯಾಗಿ ಕೊಡುತ್ತಾನೆ. ಮರುದಿನ ಬೆಳಗಿನಲ್ಲಿ ತನ್ನ ಕುದುರೆ ತೂಫಾನ್‌ನನ್ನೇರಿ ಹೊರಟು, ನದೀತೀರದಲ್ಲಿ ಮಗುಚಿ ಬಿದ್ದ ದೋಣಿಯೊಂದರ ಹತ್ತಿರ ಬಿದ್ದು ಸಾಯುತ್ತಾನೆ.

ಛಬಿ ಬಿಸ್ವಾಸ್ ಅವರ ಅಭಿನಯವನ್ನು ಹೊಗಳದೆ ಈ ಚಿತ್ರದ ಬಗೆಗೆ ಯಾರೂ ಬರೆದಿಲ್ಲ. ಹೊಗಳಿಕೆ ನ್ಯಾಯವಾದುದೇ. ಕೊನೆಯ ಕಛೇರಿಗೆ ಮೊದಲು ಆತ ಸಭಾಂಗಣದ ದೊಡ್ಡ ಕನ್ನಡಿಯ ಧೂಳನ್ನು ಒರೆಸಿ ತನ್ನ ಮುಖವನ್ನು ನೋಡಿಕೊಳ್ಳುವ ದೃಶ್ಯದಲ್ಲಿ ಮಾತಿಲ್ಲ. ಕೆನ್ನೆಯನ್ನು ಮುಟ್ಟಿಕೊಳ್ಳುವ ಆ ಕೈ, ತಾನು ಕಂಡದ್ದನ್ನು ನಂಬದ ಆ ಕಣ್ಣು ಇವೆರಡರಲ್ಲೇ ನಟ ಎಲ್ಲವನ್ನೂ ಹೇಳುತ್ತಾರೆ. ಕಛೇರಿಯ ಅಂತ್ಯದಲ್ಲಿ ಮಹಿಮ್ ನರ್ತಕಿಯತ್ತ ಹಣ ಚಾಚಿದಾಗ ವಿಶ್ವಂಭರನ ಊರುಗೋಲು ಅವನ ಕೈಗೆ ಕೊಕ್ಕೆ ಹಾಕಿ ತಡೆಯುತ್ತದೆ: ಮೊದಲ ಉಡುಗೊರೆ ಕೊಡುವ ಹಕ್ಕು ಮನೆಯ ಯಜಮಾನನದು. ಆ ಒಂದು ಕ್ಷಣದಲ್ಲಿ ಪ್ರೇಕ್ಷಕರೆಲ್ಲರೂ ವಿಶ್ವಂಭರನ ಪಕ್ಷವೇ. ನಾನೂ ಅಷ್ಟೇ. ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಫಿಲ್ಮ್ ಸೊಸೈಟಿಯೊಂದರ ಪ್ರದರ್ಶನದಲ್ಲಿ. ಹೊರಬರುವಾಗ ವಿಲಾಯತ್ ಖಾನರ ಸಂಗೀತ ಕಿವಿಯಲ್ಲಿತ್ತು, ಬೇಗಂ ಅಖ್ತರ್ ಅವರ ಗಾಯನವಿತ್ತು, ರೋಷನ್ ಕುಮಾರಿಯವರ ಕಥಕ್ ಕಣ್ಣಲ್ಲಿತ್ತು. ಮುಳುಗಿ ಸತ್ತ ಹುಡುಗನ ಮುಖವನ್ನು ನೆನಪಿಸಿಕೊಳ್ಳಲು ಯತ್ನಿಸಬೇಕಾಯಿತು. ಸೇವಕನ ಹೆಸರು ನೆನಪಿರಲಿಲ್ಲ.

ಹೆಸರು ಅನಂತ. ಚಿತ್ರದಲ್ಲಿ ನಾವು ಕೇಳುವ ಮೊದಲ ಮಾತೇ ಅವನಿಗೆ ಹೇಳಿದ್ದು. ಮಹಡಿಯ ಮೇಲೆ ಕುರ್ಚಿಯಲ್ಲಿ ಕುಳಿತ ಜಮೀನ್ದಾರ, ಇದು ಯಾವ ತಿಂಗಳು ಎಂದು ಅವನನ್ನು ಕೇಳುತ್ತಾನೆ. ಕಾಲದ ಅರಿವನ್ನೂ ಇನ್ನೊಬ್ಬನಿಂದ ತರಿಸಿಕೊಳ್ಳಬೇಕಾದ ಸ್ಥಿತಿ ಅದು. ಉತ್ತರ ಕೊಡುವ ಅನಂತನಿಗೆ ತಿಂಗಳು ಗೊತ್ತಿದೆ. ಮನೆಯಲ್ಲಿ ಏನು ಉಳಿದಿದೆ, ಏನು ಉಳಿದಿಲ್ಲ ಎಂಬುದೂ ಗೊತ್ತಿದೆ. ಸಭಾಂಗಣವನ್ನು ಮತ್ತೆ ತೆರೆಯಬೇಕೆಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಡುವವನೂ ಅವನೇ. ಧೂಳು ಕೊಡವುವಾಗ, ತೂಗುದೀಪವನ್ನು ಅಣಿಗೊಳಿಸುವಾಗ ಅವನ ಮುಖದಲ್ಲಿ ಹಬ್ಬದ ಕಳೆ. ಇದಕ್ಕೆ ಎದುರಾಗಿ ಲೆಕ್ಕ ನೋಡಿಕೊಳ್ಳುವ ತಾರಾಪ್ರಸನ್ನನಿದ್ದಾನೆ. ಅವನು ಪದೇ ಪದೇ ಇಲ್ಲವೆನ್ನುವವನು, ಹಣವಿಲ್ಲವೆನ್ನುವವನು. ಒಬ್ಬ ಸೇವಕ ಲೆಕ್ಕವನ್ನು ತೋರಿಸುತ್ತಾನೆ, ಇನ್ನೊಬ್ಬ ಕನ್ನಡಿಯನ್ನು ತೋರಿಸುತ್ತಾನೆ. ಯಾರ ಮಾತು ನಡೆಯುತ್ತದೆ ಎಂಬುದು ಹೇಳಬೇಕಾದ್ದಿಲ್ಲ.

ಅನಂತನ ಸಂತೋಷವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಸ್ವಾಮಿನಿಷ್ಠೆ ಎನ್ನುವುದು ಸುಲಭದ ಉತ್ತರ. ಹಲವರು ಅದನ್ನೇ ಕೊಟ್ಟು ಮುಂದೆ ಹೋಗುತ್ತಾರೆ. ನನಗನಿಸುವಂತೆ ಅವನಿಗೂ ಇನ್ನೊಂದು ಬದುಕು ಉಳಿದಿಲ್ಲ. ಒಡೆಯನ ವೈಭವವೇ ಅವನ ವೈಭವ. ಒಡೆಯ ಮಂಕಾಗಿ ಕುಳಿತಷ್ಟು ಕಾಲ ಅವನೂ ಯಾರೂ ಅಲ್ಲ. ಅತಿಥಿಗಳ ಮೇಲೆ ಪನ್ನೀರು ಚಿಮುಕಿಸುವ ಅನಂತ ಆ ರಾತ್ರಿಯ ಮಟ್ಟಿಗೆ ಮತ್ತೆ ದೊಡ್ಡಮನೆಯ ಸೇವಕ. ಎಕೋಳಿಗೂ ಧ್ವನಿ ಬರುವುದು ನಾರ್ಸಿಸಸ್ ಮಾತಾಡಿದಾಗ ಮಾತ್ರ ಎಂಬುದನ್ನು ಇಲ್ಲಿ ನೆನೆಯಬಹುದು.

ಕಛೇರಿ ಮುಗಿದ ಮೇಲಿನ ದೃಶ್ಯವೇ ಈ ಚಿತ್ರದ ಹೃದಯ. ಕುಡಿದ ಅಮಲಿನಲ್ಲಿ ವಿಶ್ವಂಭರ ಗೋಡೆಯ ಮೇಲಿನ ಪೂರ್ವಜರ ಚಿತ್ರಪಟಗಳಿಗೆ ಪಾನಾಂಜಲಿ ಅರ್ಪಿಸುತ್ತಾನೆ, ತನ್ನ ರಕ್ತದ ಹಿರಿಮೆಯನ್ನು ಘೋಷಿಸುತ್ತಾನೆ. ಆ ಘೋಷಣೆಯನ್ನು ಕೇಳಿಸಿಕೊಳ್ಳಲು ಇರುವವನು ಒಬ್ಬನೇ, ಅನಂತ. ತನ್ನದೇ ಚಿತ್ರಪಟದ ಮೇಲೆ ಜೇಡವೊಂದು ಹರಿಯುವುದು ಕಾಣುತ್ತದೆ. ಆಮೇಲೆ ದೀಪಗಳು ಒಂದೊಂದಾಗಿ ಆರತೊಡಗುತ್ತವೆ. ಜಮೀನ್ದಾರ ಹೆದರಿ ಕೂಗುತ್ತಾನೆ. ಮೇಣದ ಬತ್ತಿಗಳು ಉರಿದು ಮುಗಿದವು ಅಷ್ಟೇ ಎಂದು ಸಮಾಧಾನ ಹೇಳಿ, ಪರದೆ ಸರಿಸಿ ಬೆಳಗಾಗಿರುವುದನ್ನು ತೋರಿಸುವವನು ಅನಂತ. ಹೀಗೆ ನೋಡಿದರೆ ಚಿತ್ರದ ಮೊದಲಿನಲ್ಲಿ ತಿಂಗಳನ್ನು ಹೇಳಿದವನೇ ಕೊನೆಯಲ್ಲಿ ಹಗಲನ್ನೂ ಹೇಳುತ್ತಾನೆ. ಲೋಕ ಎಂಬುದೊಂದು ಹೊರಗಿದೆ ಎಂಬ ಸುದ್ದಿ ವಿಶ್ವಂಭರನಿಗೆ ತಲುಪುವುದು ಈ ಒಬ್ಬ ಮನುಷ್ಯನ ಮೂಲಕ ಮಾತ್ರ. ರೇ ಅವರು ಇದನ್ನು ಬಲ್ಲರು. ಇಲ್ಲವಾದರೆ ಈ ಎರಡು ದೃಶ್ಯಗಳು ಹೀಗೆ ಎದುರುಬದುರಾಗಿ ನಿಲ್ಲುತ್ತಿರಲಿಲ್ಲ.

ಆದರೂ ನನ್ನ ಆಕ್ಷೇಪ ಉಳಿಯುತ್ತದೆ. ಚಿತ್ರದ ಪೂರ್ವಸ್ಮೃತಿಯ ಭಾಗವೆಲ್ಲ ವಿಶ್ವಂಭರನದು. ಸಂಗೀತ ಅವನ ಕಿವಿಯದು. ಬಯಲಿನಲ್ಲಿ ನಿಂತ ಆನೆಯನ್ನು ಮಹಿಮ್‌ನ ಲಾರಿಯೆಬ್ಬಿಸಿದ ಧೂಳು ಮುಚ್ಚಿಬಿಡುವ ಪ್ರಸಿದ್ಧ ಚಿತ್ರಿಕೆಯಲ್ಲಿನ ವಿಷಾದವೂ ಅವನದೇ. ಮಹಿಮ್‌ನನ್ನು ನಗೆಪಾಟಲಿನ ಮನುಷ್ಯನನ್ನಾಗಿ ರೂಪಿಸಿ ಚಿತ್ರವು ತನ್ನ ತೂಕವನ್ನು ಒಂದೇ ತಟ್ಟೆಗೆ ಹಾಕಿದೆ. ಹೆಂಡತಿ ಮಹಾಮಾಯೆ, ಮಗ ಇಬ್ಬರೂ ತೆರೆಯ ಮೇಲೆ ಮುಳುಗುವುದಿಲ್ಲ. ಪಾನಪಾತ್ರೆಯಲ್ಲಿ ಬಿದ್ದು ಒದ್ದಾಡುವ ಹುಳುವೊಂದು ಆ ಸಾವನ್ನು ಸೂಚಿಸುತ್ತದೆ. ಪ್ರತಿಮೆ ಅದ್ಭುತವಾದುದು. ಆದರೆ ಆ ಹುಳುವನ್ನು ಕಾಣುವವನೂ ವಿಶ್ವಂಭರನೇ. ಇಬ್ಬರು ಮನುಷ್ಯರ ಸಾವು ಆತನ ಲೋಟದೊಳಗಿನ ಒಂದು ಸಂಗತಿಯಾಗಿ ನಮಗೆ ಒದಗುತ್ತದೆ. ಇದನ್ನು ಸ್ವಮೋಹದ ಅತ್ಯಂತ ನಿಖರವಾದ ಚಿತ್ರಣವೆನ್ನಬೇಕೋ, ಚಿತ್ರವೇ ಆ ಮೋಹಕ್ಕೆ ಸಿಲುಕಿದ ಗಳಿಗೆ ಎನ್ನಬೇಕೋ? ಎರಡೂ ಹೌದು ಎಂದು ನನ್ನ ಅಭಿಪ್ರಾಯ. ರೇ ಅವರಂಥ ವಿವೇಕಿಯೂ ಈ ಆಕರ್ಷಣೆಯಿಂದ ಪೂರ್ತಿ ಪಾರಾಗಲಿಲ್ಲ ಎನ್ನುವುದರಿಂದ ಆ ಆಕರ್ಷಣೆಯ ಬಲ ತಿಳಿಯುತ್ತದೆ.

ಕುತೂಹಲದ ವಿಷಯವೆಂದರೆ ಓವಿಡ್‌ನ ಕಥೆಯಂತೆ ಈ ಮೂರು ಚಿತ್ರಗಳಲ್ಲೂ ನೀರಿದೆ. ಆದರೆ ನೀರಿಗೆ ಬೀಳುವವರು ಯಾರು? 'ಜಲ್ಸಾಘರ್'ನಲ್ಲಿ ಹೆಂಡತಿ ಮಕ್ಕಳು. 'ಸನ್‌ಸೆಟ್ ಬುಲೆವಾರ್ಡ್'ನ ಆರಂಭದಲ್ಲಿಯೇ ಈಜುಕೊಳವೊಂದರಲ್ಲಿ ಶವ ತೇಲುತ್ತಿದೆ. ನೀರಿನ ಅಡಿಯಿಂದ ಮೇಲಕ್ಕೆ ನೋಡುವ ಕ್ಯಾಮೆರಾ ಕಣ್ತೆರೆದ ಆ ಮುಖವನ್ನು ತೋರಿಸುತ್ತದೆ. ಅದು ಸ್ವಮೋಹಿಯ ಮುಖವಲ್ಲ. ಮೂಕಿಚಿತ್ರಗಳ ಕಾಲದ ತಾರೆ ನಾರ್ಮಾ ಡೆಸ್ಮಂಡ್ ತನ್ನ ಮನೆಯಲ್ಲಿ ಇರಿಸಿಕೊಂಡಿದ್ದ ಚಿತ್ರಕಥೆಗಾರ ಜೋ ಗಿಲ್ಲಿಸ್‌ನದು. ಅವಳ ಚಿತ್ರಕಥೆಯನ್ನು ತಿದ್ದುವ ನೆಪದಲ್ಲಿ ಒಳಬಂದವನು, ಅವಳ ಉಡುಗೊರೆಗಳಿಗೆ ಒಗ್ಗಿಕೊಂಡವನು, ಹೊರಟು ನಿಂತಾಗ ಗುಂಡಿಗೆ ಬಲಿಯಾದವನು. ಕನ್ನಡಿ ತಾನಾಗಿ ಎದ್ದು ನಡೆಯಬಯಸಿದರೆ ಆಗುವುದಿದು. ಕೋಹುಟ್ ಹೇಳುವ ಕೋಪಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಾಣೆ. ಸತ್ತವನೇ ಕಥೆ ಹೇಳುತ್ತಾನೆ ಎಂಬುದನ್ನು ವಿಮರ್ಶಕರು ತಂತ್ರದ ಸಾಹಸವೆಂದು ಪರಿಗಣಿಸುವುದುಂಟು. ಎಕೋಳ ಕಥೆಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಅದು ತಂತ್ರಕ್ಕಿಂತ ಹೆಚ್ಚಿನದು. ದೇಹ ಅಳಿದು ಧ್ವನಿ ಉಳಿಯುವುದು ಇಲ್ಲಿಯೂ ನಡೆದಿದೆ.

ಆದರೆ ಈ ಚಿತ್ರದ ನಿಜವಾದ ಎಕೋ ಜೋ ಅಲ್ಲ, ಬಟ್ಲರ್ ಮ್ಯಾಕ್ಸ್. ಯಜಮಾನಿಗೆ ದಿನವೂ ಬರುವ ಅಭಿಮಾನಿಗಳ ಪತ್ರಗಳನ್ನೆಲ್ಲ ಬರೆಯುವವನು ಅವನು. ಅವಳು ಆತ್ಮಹತ್ಯೆಗೆ ಯತ್ನಿಸುವಳೆಂದು ಮನೆಯ ಬಾಗಿಲುಗಳ ಬೀಗಗಳನ್ನು ತೆಗೆಸಿದವನೂ ಅವನೇ. ಚಿತ್ರದ ನಡುಭಾಗ ದಾಟಿದ ಮೇಲೆ ಜೋಗೂ ನಮಗೂ ತಿಳಿಯುವ ಸತ್ಯವೆಂದರೆ ಮ್ಯಾಕ್ಸ್ ಒಂದು ಕಾಲದಲ್ಲಿ ಗ್ರಿಫಿತ್, ಡಿ ಮಿಲ್ ಅವರ ಸಾಲಿನಲ್ಲಿ ನಿಲ್ಲಬಹುದಾಗಿದ್ದ ನಿರ್ದೇಶಕ, ನಾರ್ಮಾಳನ್ನು ಬೆಳಕಿಗೆ ತಂದವನು, ಅವಳ ಮೊದಲ ಗಂಡ. ಆ ಪಾತ್ರವನ್ನು ವಹಿಸಿದವರು ಎರಿಕ್ ಫಾನ್ ಸ್ಟ್ರೊಹೈಮ್. ನಾರ್ಮಾಳ ಪಾತ್ರದಲ್ಲಿ ಗ್ಲೋರಿಯಾ ಸ್ವಾನ್ಸನ್. ಸ್ಟ್ರೊಹೈಮ್ ಅವರು ಸ್ವಾನ್ಸನ್ ಅವರನ್ನು ನಿರ್ದೇಶಿಸಿದ್ದ 'ಕ್ವೀನ್ ಕೆಲ್ಲಿ' ಚಿತ್ರದ ಕೆಲಸ 1929ರಲ್ಲಿ ಅರ್ಧಕ್ಕೆ ನಿಂತಿತ್ತು. ನಾರ್ಮಾ ತನ್ನ ಮನೆಯ ತೆರೆಯ ಮೇಲೆ ನೋಡಿಕೊಳ್ಳುವ ಹಳೆಯ ಚಿತ್ರದ ತುಣುಕು ಅದರದೇ. ಕಥೆಯೂ ಚರಿತ್ರೆಯೂ ಹೀಗೆ ಹೆಣೆದುಕೊಂಡ ಸಂದರ್ಭಗಳು ಸಿನಿಮಾದಲ್ಲಿ ವಿರಳ.

ಪ್ಯಾರಾಮೌಂಟ್ ಸ್ಟುಡಿಯೋದ ದೃಶ್ಯವನ್ನು ಈ ದೃಷ್ಟಿಯಿಂದ ಮತ್ತೆ ಗಮನಿಸಬೇಕು. ಸ್ಟುಡಿಯೋ ತನ್ನನ್ನು ಮರಳಿ ಕರೆಯುತ್ತಿದೆ ಎಂದು ನಂಬಿ ನಾರ್ಮಾ ಅಲ್ಲಿಗೆ ಹೋಗುತ್ತಾಳೆ. ನಿಜವಾಗಿ ಅವರಿಗೆ ಬೇಕಾಗಿದ್ದುದು ಅವಳ ಹಳೆಯ ಕಾರು, ಅದೂ ಬಾಡಿಗೆಗೆ. ಇದು ಮ್ಯಾಕ್ಸ್‌ಗೆ ತಿಳಿಯುತ್ತದೆ. ಅವಳಿಗೆ ತಿಳಿಯದಂತೆ ಅವನು ನೋಡಿಕೊಳ್ಳುತ್ತಾನೆ. ಒಳಗೆ, ಎತ್ತರದಲ್ಲಿ ಕುಳಿತ ಮುದಿ ದೀಪಗಾರನೊಬ್ಬ ಅವಳನ್ನು ಗುರುತಿಸಿ ದೀಪವನ್ನು ಅವಳ ಕಡೆ ತಿರುಗಿಸುತ್ತಾನೆ. ಬೆಳಕು ಬಿದ್ದ ಕೂಡಲೇ ಜನ ಸುತ್ತ ನೆರೆಯುತ್ತಾರೆ. ತಮ್ಮದೇ ಪಾತ್ರದಲ್ಲಿರುವ ಡಿ ಮಿಲ್ ದೀಪವನ್ನು ಸ್ವಸ್ಥಾನಕ್ಕೆ ತಿರುಗಿಸಲು ಹೇಳುತ್ತಾರೆ, ಜನ ಚದುರುತ್ತಾರೆ. ಆ ದೀಪಗಾರ ತೋರಿದ್ದು ಶುದ್ಧ ಪ್ರೀತಿ. ಅದರ ಪರಿಣಾಮ ಮಾತ್ರ ವಿಷದಂತಹುದು. ಅಲ್ಲಿಂದ ಹಿಂದಿರುಗಿದ ನಾರ್ಮಾ ಇನ್ನು ಯಾವ ಸತ್ಯವನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ. ಸ್ವಮೋಹದ ಪೋಷಣೆ ದುರುದ್ದೇಶದಿಂದ ಮಾತ್ರ ನಡೆಯುವುದಿಲ್ಲ, ಅನುಕಂಪದಿಂದಲೂ ನಡೆಯುತ್ತದೆ ಎಂಬ ಅಪ್ರಿಯ ಸತ್ಯವನ್ನು ವೈಲ್ಡರ್ ಇಷ್ಟು ಸಣ್ಣ ಪ್ರಸಂಗದಲ್ಲಿ ಹಿಡಿದಿದ್ದಾರೆ.

ಕೊನೆಯ ದೃಶ್ಯದಲ್ಲಿ ಕೊಲೆಯ ಸುದ್ದಿ ತಿಳಿದು ಬಂದ ವಾರ್ತಾಚಿತ್ರಗಳ ಕ್ಯಾಮೆರಾಗಳನ್ನು ಕಂಡು ನಾರ್ಮಾ ತನ್ನ ಚಿತ್ರದ ಚಿತ್ರೀಕರಣವೇ ನಡೆಯುತ್ತಿದೆಯೆಂದು ಭಾವಿಸುತ್ತಾಳೆ. ಮೆಟ್ಟಿಲ ಬುಡದಲ್ಲಿ ನಿಂತು ಕ್ಯಾಮೆರಾ ಓಡಿಸಲು ಆಜ್ಞೆ ಕೊಡುವವನು ಮ್ಯಾಕ್ಸ್. ಪೊಲೀಸರ ಕೈಗೆ ಅವಳನ್ನು ಸುಲಭವಾಗಿ ಒಪ್ಪಿಸುವ ಉಪಾಯವಿದು, ಅವಳಿಗೆ ಕೊಡುವ ಕೊನೆಯ ಉಡುಗೊರೆಯೂ ಹೌದು. ಇವೆರಡರ ಜೊತೆಗೆ ಮೂರನೆಯ ಸಂಗತಿಯೊಂದಿದೆ. ಹಲವು ವರ್ಷಗಳ ನಂತರ ಆ ಮನುಷ್ಯ ಮತ್ತೆ ನಿರ್ದೇಶಕನಾಗಿದ್ದಾನೆ. ಸೇವಕನಿಗೂ ತನ್ನ ಪಾಲಿನ ಕನ್ನಡಿ ಸಿಕ್ಕಿದೆ. ನಾರ್ಮಾ ಕ್ಯಾಮೆರಾದತ್ತ ನಡೆದು ಬರುತ್ತಾಳೆ, ಅವಳ ಮುಖ ತೆರೆಯನ್ನು ತುಂಬಿ ಮಸುಕಾಗುತ್ತದೆ. ಆ ನಡಿಗೆಯ ಗುರಿ ನಾವು, ಕತ್ತಲೆಯಲ್ಲಿ ಕುಳಿತ ಪ್ರೇಕ್ಷಕರು. ಬೆಳ್ಳಿತೆರೆಯೇ ನೋಡುಗರ ಸ್ವಮೋಹಕ್ಕೆ ಕನ್ನಡಿಯಾಗುವ ಬಗೆಯನ್ನು ಲಾರಾ ಮಲ್ವಿ 1975ರ ತಮ್ಮ ಪ್ರಬಂಧದಲ್ಲಿ ಸೈದ್ಧಾಂತಿಕವಾಗಿ ಚರ್ಚಿಸಿದರು. ವೈಲ್ಡರ್ ಅದನ್ನು ಇಪ್ಪತ್ತೈದು ವರ್ಷ ಮೊದಲೇ ಒಂದು ಚಿತ್ರಿಕೆಯಲ್ಲಿ ಮಾಡಿ ತೋರಿಸಿದ್ದರು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. 'ಜಲ್ಸಾಘರ್' ಹಾಗೂ 'ಎಲಿಪ್ಪತ್ತಾಯಂ' ಚಿತ್ರಗಳನ್ನು ಊಳಿಗಮಾನ್ಯ ವ್ಯವಸ್ಥೆಯ ಅವನತಿಯ ಕಥನಗಳೆಂದು ಓದುವ ಕ್ರಮ ನಮ್ಮಲ್ಲಿ ಗಟ್ಟಿಯಾಗಿದೆ. ವ್ಯಕ್ತಿಯ ಮನೋದೋಷದ ಬಗೆಗೆ ಮಾತಾಡಿದರೆ ಸಮಾಜವನ್ನು ಮರೆತಂತಾಗುತ್ತದೆ ಎಂಬ ಆತಂಕ ಆ ಓದಿನ ಹಿಂದಿದೆ. ಆತಂಕ ಸಕಾರಣವಾದುದೇ. ಆದರೆ ಸ್ವಮೋಹ ಬೆಳೆಯಲು ಬೇಕಾದ 'ಕೈ'ಗಳನ್ನು ಒದಗಿಸುವುದು ಸಮಾಜವೇ. ಜಮೀನ್ದಾರಿಯು ಅನಂತನನ್ನು ಒದಗಿಸಿತು. ಹಾಲಿವುಡ್ ಮ್ಯಾಕ್ಸ್‌ನನ್ನು ಒದಗಿಸಿತು. ಕನ್ನಡದ ಓದುಗರಿಗೆ ಗಿರೀಶ ಕಾರ್ನಾಡರ 'ಯಯಾತಿ' (1961) ನಾಟಕ ನೆನಪಾದೀತು. ಅಲ್ಲಿ ತನ್ನ ಮುಪ್ಪನ್ನು ಇನ್ನೊಬ್ಬರು ಹೊರಲಿ ಎಂದು ಬಯಸುವ ರಾಜನಿಗೆ ಆ ಹೊರೆಯನ್ನು ಹೊರಲು ಮಗನೇ ಸಿಗುತ್ತಾನೆ. ಅದರ ಬೆಲೆಯನ್ನು ಕೊನೆಗೆ ತೆರುವವಳು ಸೊಸೆ ಚಿತ್ರಲೇಖೆ, ತನ್ನ ಪ್ರಾಣದಿಂದ. ನಮ್ಮ ಶಿಲ್ಪಿಗಳಿಗೂ ಇದರ ಅರಿವಿತ್ತೇನೋ. ಬೇಲೂರಿನ ದರ್ಪಣಸುಂದರಿಯ ಮುಂದೆ ನಿಂತವರೆಲ್ಲ ಅವಳ ಕೈಯ ಕನ್ನಡಿಯನ್ನೇ ನೋಡುತ್ತಾರೆ. ಆ ಗುಡಿಯ ಹಲವು ಮದನಿಕೆಯರ ಕಾಲ ಬಳಿ ಕಿರುಗಾತ್ರದಲ್ಲಿ ನಿಂತ ಪರಿಚಾರಕಿಯರನ್ನು ಎಣಿಸುವವರು ಕಡಿಮೆ.

ಮೂರನೆಯ ಚಿತ್ರಕ್ಕೆ ಬರೋಣ. 'ಎಲಿಪ್ಪತ್ತಾಯಂ' ಎಂದರೆ ಇಲಿಬೋನು. ಕೇರಳದ ನಾಯರ್ ತರವಾಡೊಂದರಲ್ಲಿ ಉಣ್ಣಿ ಎಂಬ ನಡುವಯಸ್ಸಿನ ಅವಿವಾಹಿತ ತನ್ನ ಇಬ್ಬರು ತಂಗಿಯರಾದ ರಾಜಮ್ಮ, ಶ್ರೀದೇವಿಯರೊಡನೆ ಇದ್ದಾನೆ. ಮದುವೆಯಾಗಿ ಬೇರೆ ಇರುವ ಅಕ್ಕ ಜಾನಮ್ಮ ಪಾಲು ಕೇಳಿಕೊಂಡು ಬಂದುಹೋಗುತ್ತಾಳೆ. ತಾಯಿಯ ಕಡೆಯಿಂದ ಆಸ್ತಿ ಹರಿಯುವ ಮರುಮಕ್ಕತ್ತಾಯಂ ಪದ್ಧತಿ ತುಳುನಾಡಿನ ಅಳಿಯಸಂತಾನವನ್ನು ಬಲ್ಲ ನಮಗೆ ಹೊಸತಲ್ಲ. ಮನೆ ಹೆಣ್ಣುಮಕ್ಕಳದು, ಯಜಮಾನಿಕೆ ಗಂಡಸಿನದು. ಅವಿಭಕ್ತ ಕುಟುಂಬವನ್ನು ರದ್ದುಪಡಿಸಿದ ಕೇರಳದ 1975ರ ಕಾಯ್ದೆ ಜಾರಿಗೆ ಬಂದ ಮೇಲೆ ಆ ಯಜಮಾನಿಕೆಗೆ ಕಾನೂನಿನ ಆಧಾರವೂ ಉಳಿಯಲಿಲ್ಲ. ಉಣ್ಣಿ ಆ ಸುದ್ದಿಯನ್ನು ಕೇಳಿದಂತಿಲ್ಲ.

ಕರಮನ ಜನಾರ್ದನನ್ ನಾಯರ್ ಅವರ ಉಣ್ಣಿಗೆ ವಿಶ್ವಂಭರನ ಗಾಂಭೀರ್ಯದ ಒಂದು ಎಳೆಯೂ ಇಲ್ಲ. ಅಡೂರರ ದೊಡ್ಡ ನಿರ್ಧಾರವೇ ಇದು. ಉಣ್ಣಿ ಎಣ್ಣೆ ಹಚ್ಚಿಕೊಳ್ಳುತ್ತಾನೆ, ಕನ್ನಡಿ ಹಿಡಿದು ಮೀಸೆಯ ಬಿಳಿಗೂದಲನ್ನು ಕತ್ತರಿಸಿಕೊಳ್ಳುತ್ತಾನೆ, ಆರಾಮಕುರ್ಚಿಯಲ್ಲಿ ಪತ್ರಿಕೆ ಓದುತ್ತಾನೆ. ಅಂಗಳಕ್ಕೆ ಹಸು ನುಗ್ಗಿದರೆ ಕುರ್ಚಿಯಿಂದ ಏಳದೆ ರಾಜಮ್ಮನನ್ನು ಕೂಗುತ್ತಾನೆ. ರಾತ್ರಿ ತೋಟದಲ್ಲಿ ಕಳ್ಳರ ಸದ್ದಾದರೂ ಹೊರಬರುವುದಿಲ್ಲ. ಮದುವೆಯೊಂದಕ್ಕೆಂದು ಶುಭ್ರವಾಗಿ ಉಟ್ಟು ಹೊರಟವನು ದಾರಿಯಲ್ಲಿ ಕೆಸರುನೀರು ಎದುರಾದ ಕಾರಣಕ್ಕೆ ಮನೆಗೆ ಮರಳುತ್ತಾನೆ. ಸ್ವಮೋಹ ಇಲ್ಲಿ ಕುದುರೆಯನ್ನೇರಿಲ್ಲ, ಮೆಟ್ಟಿಲಿಳಿದು ಬರುವುದಿಲ್ಲ. ಅದು ಕೆಸರು ದಾಟಲಾರದ ಒಂದು ಜೋಡಿ ಕಾಲು. ಫ್ರಾಯ್ಡ್ ಹೇಳಿದ ಆಕರ್ಷಣೆಯನ್ನು ಅಡೂರರು ಬೇರುಸಹಿತ ಕಿತ್ತಿದ್ದಾರೆ. ಪ್ರೇಕ್ಷಕನಿಗೆ ಉಣ್ಣಿಯ ಪಕ್ಷ ವಹಿಸಲು ಯಾವ ನೆಪವೂ ಸಿಗದು.

ಹಾಗೆ ತೆರವಾದ ಜಾಗದಲ್ಲಿ ರಾಜಮ್ಮ ಕಾಣಿಸುತ್ತಾಳೆ. ಆ ಪಾತ್ರದಲ್ಲಿ ಶಾರದಾ. ಅನಂತನಿಗೂ ಮ್ಯಾಕ್ಸ್‌ನಿಗೂ ಇಲ್ಲದ ಒಂದು ಸಂಗತಿ ಅವಳಿಗಿದೆ: ಅವಳದೇ ಆದ ಆಸೆ. ಮದುವೆಯ ಪ್ರಸ್ತಾಪಗಳು ಬರುತ್ತವೆ. ಅಣ್ಣ ಒಂದಲ್ಲ ಒಂದು ನೆಪದಿಂದ ಅವನ್ನು ತಿರಸ್ಕರಿಸುತ್ತಾನೆ. ನೀರು ಕಾಯಿಸಿ ಕೊಡುವವಳು, ಅಡುಗೆ ಮಾಡುವವಳು, ಕೂಗಿದಾಗ ಓಡಿಬರುವವಳು ಹೊರಟುಹೋದರೆ ತನ್ನ ಗತಿಯೇನು ಎಂಬುದನ್ನು ಅವನು ಒಮ್ಮೆಯೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ಏಕೆಂದರೆ ಅವನಿಗದು ಆಲೋಚನೆಯೇ ಅಲ್ಲ. ನಮ್ಮ ಕೈ ನಮ್ಮ ಜೊತೆಗಿರುತ್ತದೆ ಎಂದು ನಾವು ಆಲೋಚಿಸುತ್ತೇವೆಯೇ? ಅಡೂರರು ಮೊದಲ ಬಾರಿಗೆ ವರ್ಣದಲ್ಲಿ ಮಾಡಿದ ಈ ಚಿತ್ರದಲ್ಲಿ ರಾಜಮ್ಮನಿಗೆ ನೀಲಿ, ಶ್ರೀದೇವಿಗೆ ಕೆಂಪು, ಜಾನಮ್ಮನಿಗೆ ಹಸಿರು ಎಂದು ಬಣ್ಣಗಳನ್ನು ಹಂಚಲಾಗಿದೆ. ಮಂಕಡ ರವಿವರ್ಮ ಅವರ ಛಾಯಾಗ್ರಹಣದಲ್ಲಿ ಆ ನೀಲಿ ಕತ್ತಲ ಕೋಣೆಗಳೊಳಗೆ ನಿಧಾನವಾಗಿ ಮಾಸುವುದನ್ನು ಕಾಣಬಹುದು.

ಬೋನಿಗೆ ಬಿದ್ದ ಇಲಿಗಳನ್ನು ಕೊಳಕ್ಕೆ ಒಯ್ದು ಮುಳುಗಿಸುವ ಕೆಲಸ ಶ್ರೀದೇವಿಯದು. ಅವಳು ಒಂದು ದಿನ ಮನೆ ಬಿಟ್ಟು ಹೋಗುತ್ತಾಳೆ. ಎಕೋ ಎದ್ದು ನಡೆದಳು. ಗುಂಡು ಹಾರಿಸುವ ಶಕ್ತಿಯೂ ಉಣ್ಣಿಗಿಲ್ಲ. ರಾಜಮ್ಮ ಮಾತ್ರ ಉಳಿಯುತ್ತಾಳೆ. ಹೊಟ್ಟೆಯ ನೋವಿನಿಂದ ಅವಳು ನರಳತೊಡಗಿದಾಗಲೂ ಅಣ್ಣನ ಕೂಗು ನಿಲ್ಲುವುದಿಲ್ಲ, ಅವಳು ಏಳುತ್ತಾಳೆ. ಕೊನೆಗೆ ಏಳಲಾರದಾದಾಗ ಊರಿನವರು ಬಂದು ಅವಳನ್ನು ಎತ್ತಿಕೊಂಡು ಹೋಗುತ್ತಾರೆ. ಇಲ್ಲಿಂದ ಮುಂದೆ ಚಿತ್ರದ ಲಯವೇ ಬದಲಾಗುತ್ತದೆ. ಕೇಳುವವರಿಲ್ಲದ ಮನೆಯಲ್ಲಿ ಉಣ್ಣಿ ಬಾಗಿಲುಗಳನ್ನು ಮುಚ್ಚಿಕೊಂಡು ಬಿಲದ ಪ್ರಾಣಿಯಂತಾಗುತ್ತಾನೆ. ಕನ್ನಡಿಯ ಮುಂದೆ ಕುಳಿತು ಮೀಸೆ ತಿದ್ದಿಕೊಳ್ಳುತ್ತಿದ್ದವನ ಮುಖದಲ್ಲಿ ಗಡ್ಡ ಬೆಳೆಯುತ್ತದೆ. ತನ್ನನ್ನು ತಾನು ನೋಡಿಕೊಳ್ಳುವುದಕ್ಕೂ ರಾಜಮ್ಮ ಬೇಕಾಗಿತ್ತು ಎಂಬುದನ್ನು ಅಡೂರರು ಒಂದು ಮಾತನ್ನೂ ಆಡಿಸದೆ ತೋರಿಸುತ್ತಾರೆ. ನಾನು ನೋಡಿದ ಮಟ್ಟಿಗೆ ಸ್ವಮೋಹದ ಬಗೆಗೆ ಯಾವ ಚಿತ್ರವೂ ಇಷ್ಟು ಮುಂದಕ್ಕೆ ಹೋಗಿಲ್ಲ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸದರ್ಲೆಂಡ್ ಟ್ರೋಫಿ 1982ರಲ್ಲಿ ಇದಕ್ಕೆ ಸಂದಿತು. ಆದರೂ 'ಜಲ್ಸಾ‌ಘರ್' ಬಗೆಗಿರುವ ಮಮತೆ ನಮ್ಮ ರಸಿಕರಲ್ಲಿ ಇದರ ಬಗೆಗೆ ಇಲ್ಲ. ಕಾರಣ ಸ್ಪಷ್ಟ: ಇಲ್ಲಿ ಮರುಳಾಗಲು ಏನೂ ಇಲ್ಲ.

ಈ ಸೂತ್ರ ಇತ್ತೀಚಿನ ಚಿತ್ರಗಳಿಗೂ ಅನ್ವಯಿಸುವುದೇ ಎಂದು ಪರೀಕ್ಷಿಸಲು ಟಾಡ್ ಫೀಲ್ಡ್ ಅವರ 'ಟಾರ್' (2022) ಚಿತ್ರವನ್ನು ನೋಡಬಹುದು. ಬರ್ಲಿನ್ನಿನ ವಾದ್ಯವೃಂದವೊಂದರ ಪ್ರಖ್ಯಾತ ಸಂಚಾಲಕಿಯ ಪತನದ ಕಥೆ ಅದು. ಅವಳ ಸಹಾಯಕಿ ಫ್ರಾನ್ಸೆಸ್ಕಾ ತಾನೂ ಸಂಚಾಲಕಿಯಾಗಬೇಕೆಂಬ ಆಸೆಯಿಂದ ಎಲ್ಲವನ್ನೂ ಸಹಿಸಿಕೊಂಡಿದ್ದಾಳೆ. ಆ ಹುದ್ದೆ ತನಗೆ ದಕ್ಕದೆಂದು ತಿಳಿದ ಮೇಲೆ ಸದ್ದಿಲ್ಲದೆ ಹೊರಟುಹೋಗುತ್ತಾಳೆ. ಪತನಕ್ಕೆ ವೇಗ ಬರುವುದು ಅಲ್ಲಿಂದ. ಆದರೆ ಹೊರಟುಹೋದವಳ ಹಿಂದೆ ಕ್ಯಾಮೆರಾ ಹೋಗುವುದಿಲ್ಲ. ಕೇಟ್ ಬ್ಲಾಂಚೆಟ್ ಅವರ ಮುಖವನ್ನು ಬಿಟ್ಟು ಹೋಗಲು ಅದಕ್ಕೂ ಮನಸ್ಸಿಲ್ಲ.

ಅಡೂರರ ಕ್ಯಾಮೆರಾ ಕೂಡ ರಾಜಮ್ಮನ ಹಿಂದೆ ಹೋಗಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅವಳು ಬದುಕಿದಳೇ, ಸತ್ತಳೇ ಎಂಬುದು ತೆರೆಯ ಮೇಲೆ ಬರುವುದಿಲ್ಲ. ಕ್ಯಾಮೆರಾ ಉಣ್ಣಿಯೊಡನೆ ಮನೆಯಲ್ಲೇ ಉಳಿಯುತ್ತದೆ. ಒಂದು ರಾತ್ರಿ ಊರಿನವರು ನುಗ್ಗಿ ಅವನನ್ನು ಎಳೆದು ಹೊತ್ತೊಯ್ದು ಇಲಿಗಳನ್ನು ಮುಳುಗಿಸುತ್ತಿದ್ದ ಅದೇ ಕೊಳಕ್ಕೆ ಎಸೆಯುತ್ತಾರೆ. ಮೂರು ಚಿತ್ರಗಳಲ್ಲಿ ಇದೊಂದರಲ್ಲಿಯೇ ನಾರ್ಸಿಸಸ್ ತಾನೇ ನೀರಿಗೆ ಬೀಳುವುದು. ಅವನು ಮುಳುಗುವುದಿಲ್ಲ. ಚಳಿಯಿಂದ ನಡುಗುತ್ತ, ಕೈ ಮುಗಿದುಕೊಂಡು, ಮೆಟ್ಟಿಲೇರಿ ಬರುತ್ತಾನೆ. ಒದ್ದೆಯಾದ ಮೈಯನ್ನು ಒರೆಸಲು ಬಟ್ಟೆ ತಂದುಕೊಡುತ್ತಿದ್ದವಳು ಆ ಮೆಟ್ಟಿಲ ಮೇಲಿಲ್ಲ.